12 ಕಿ.ಮೀ. ದಾಟಿದೊಡನೆ ಜಿಪಿಎಸ್ ಮೌನ, ನಕ್ಷತ್ರಗಳೆಲ್ಲ ಗೆರೆ: ಬಲೂನ್ ಕ್ಯಾಮೆರಾ ಸಮಸ್ಯೆ

ಪ್ರಶ್ನೆ

1200 ಗ್ರಾಂ ಲ್ಯಾಟೆಕ್ಸ್ ಬಲೂನ್, ಸೆಕೆಂಡಿಗೆ 5 ಮೀ. ಏರಿಕೆ, ರಾತ್ರಿ ಹಾರಾಟ. ಪೆಟ್ಟಿಗೆಯಲ್ಲಿ ನಕ್ಷತ್ರ ಕ್ಯಾಮೆರಾ, ಆರ್ಡುಯಿನೊ ಊನೊ (ಸಣ್ಣ ನಿಯಂತ್ರಣ ಬೋರ್ಡ್), ನಿಯೊ-6ಎಂ ಜಿಪಿಎಸ್. 40ನೇ ನಿಮಿಷಕ್ಕೆ ಜಿಪಿಎಸ್ ನಿಂತಿತು. ಇಳಿಯುವಾಗ 12 ಕಿ.ಮೀ. ಹತ್ತಿರ ತಾನಾಗಿಯೇ ಶುರುವಾಯಿತು. ಚಳಿಗೆ ಬ್ಯಾಟರಿ ಕುಸಿದಿರಬಹುದೇ? ಅರ್ಧ ಸೆಕೆಂಡ್ ಎಕ್ಸ್‌ಪೋಶರ್‌ನ ಚಿತ್ರಗಳಲ್ಲಿ ನಕ್ಷತ್ರಗಳೆಲ್ಲ ಗೆರೆ.

ಉತ್ತರ 1

ಚಳಿಯಲ್ಲ ಸರ್. ದಕ್ಷಿಣ ಭಾರತದ ಮೇಲೆ ಅತಿ ಚಳಿಯ ಪದರ ಇರುವುದು 17 ಕಿ.ಮೀ. ಆಸುಪಾಸಿನಲ್ಲಿ. ಏರುವಾಗಲೂ ಇಳಿಯುವಾಗಲೂ ಒಂದೇ ಎತ್ತರದಲ್ಲಿ ಗಡಿ ಬಿದ್ದಿದೆಯೆಂದರೆ ಅದು ಸೆಟ್ಟಿಂಗ್‌ನ ಮಿತಿ. ನಿಮ್ಮ ನಿಯೊ-6ಎಂನಲ್ಲಿರುವ ಯು-ಬ್ಲಾಕ್ಸ್ ಚಿಪ್ ಆನ್ ಆದಾಗ 'ಪೋರ್ಟಬಲ್' ಮಾದರಿಯಲ್ಲಿರುತ್ತದೆ. ಅದರ ಗರಿಷ್ಠ ಎತ್ತರ 12,000 ಮೀ. ಚಿಪ್‌ನ ಸೆಟ್ಟಿಂಗ್ ಬದಲಿಸುವ ಸಿಎಫ್‌ಜಿ-ಎನ್‌ಎವಿ5 ಸಂದೇಶದಲ್ಲಿ ಡೈನಮಿಕ್ ಮಾದರಿಯನ್ನು (ಚಲನೆಯ ಬಗೆ) 6ಕ್ಕೆ (ಏರ್‌ಬೋರ್ನ್, ವೇಗೋತ್ಕರ್ಷ 1ಜಿಗಿಂತ ಕಡಿಮೆ) ಬದಲಿಸಿ. ಆಗ ಮಿತಿ 50,000 ಮೀ.

ಪ್ರಶ್ನೆ ಕೇಳಿದವರು

ಆ ಸಂದೇಶ ಸ್ಕೆಚ್‌ನಲ್ಲಿ (ಊನೊದ ಪ್ರೋಗ್ರಾಂ) ಇತ್ತು. ಆರಂಭದಲ್ಲಿ ಓಡುವ ಸೆಟಪ್ ಭಾಗದಲ್ಲಿ ಒಮ್ಮೆ ಕಳಿಸಿದ್ದೇವೆ.

ಉತ್ತರ 1

ಹಾಗಿದ್ದರೆ ಮೊದಲು ವೈರ್ ನೋಡಿ. ಜಿಪಿಎಸ್‌ನ ಟಿಎಕ್ಸ್ (ಕಳಿಸುವ ಪಿನ್) ಮಾತ್ರ ಜೋಡಿಸಿ ಆರ್‌ಎಕ್ಸ್ (ಪಡೆಯುವ ಪಿನ್) ಬಿಟ್ಟಿದ್ದರೆ ಸ್ಥಾನ ಓದಲು ಸಿಗುತ್ತದೆ, ಆದರೆ ನಿಮ್ಮ ಆಜ್ಞೆ ಚಿಪ್‌ಗೆ ತಲುಪುವುದೇ ಇಲ್ಲ. ನೆಲದ ಮೇಲೆ ಈ ತಪ್ಪು ಕಾಣುವುದಿಲ್ಲ, ಅದೇ ಇದರ ಅಪಾಯ. ಊನೊ 5 ವೋಲ್ಟ್ ಕೊಡುವುದರಿಂದ ಊನೊದ ಟಿಎಕ್ಸ್ ಮತ್ತು ಜಿಪಿಎಸ್‌ನ ಆರ್‌ಎಕ್ಸ್ ನಡುವೆ 1 ಕಿಲೊಓಮ್, ಆ ಆರ್‌ಎಕ್ಸ್‌ನಿಂದ ಗ್ರೌಂಡ್‌ಗೆ 2 ಕಿಲೊಓಮ್ ರೆಸಿಸ್ಟರ್ ಹಾಕಿ, 3.3 ವೋಲ್ಟ್ ಸಿಗುತ್ತದೆ.

ಒಮ್ಮೆ ಕಳಿಸಿದರೆ ಸಾಲದು. ಹಾರಾಟದ ನಡುವೆ ವೋಲ್ಟೇಜ್ ಕ್ಷಣ ಕುಸಿದು ಜಿಪಿಎಸ್ ರೀಸೆಟ್ ಆದರೆ ಮತ್ತೆ ಪೋರ್ಟಬಲ್‌ಗೆ ಮರಳಬಹುದು. ಪ್ರತಿ ನಿಮಿಷ ಚಿಪ್‌ನಿಂದ ಮಾದರಿಯನ್ನು ಕೇಳಿ, ಉತ್ತರ ಸಂದೇಶದ ಪೇಲೋಡ್‌ನ (ದತ್ತಾಂಶ ಭಾಗ) ಮೂರನೇ ಬೈಟ್ 6 ಅಲ್ಲದಿದ್ದರೆ ಆಜ್ಞೆಯನ್ನು ಪುನಃ ಕಳಿಸಿ. ಆ ಬೈಟ್ ಅನ್ನು ಲಾಗ್‌ನಲ್ಲೂ ಬರೆಯಿರಿ.

ಉತ್ತರ 2

ಗೆರೆಗಳ ಬಗ್ಗೆ: ಒಂದೇ ದಾರದಲ್ಲಿ ತೂಗುವ ಪೆಟ್ಟಿಗೆ ತಿರುಗುತ್ತಲೇ ಇರುತ್ತದೆ. ಸೆಕೆಂಡಿಗೆ 10 ಡಿಗ್ರಿ ತಿರುಗಿದರೆ, ದಿಗಂತದ ಕಡೆ ನೋಡುವ ಕ್ಯಾಮೆರಾದಲ್ಲಿ ಅರ್ಧ ಸೆಕೆಂಡಿಗೆ 5 ಡಿಗ್ರಿ ಉದ್ದದ ಗೆರೆ. ಪಿಕ್ಸೆಲ್‌ಗೆ 1 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ) ಎಂದುಕೊಂಡರೆ 300 ಪಿಕ್ಸೆಲ್! 3 ಪಿಕ್ಸೆಲ್‌ಗೆ ಇಳಿಸಲು ಎಕ್ಸ್‌ಪೋಶರ್ 5 ಮಿಲಿಸೆಕೆಂಡ್ ಇರಬೇಕು. ಆಗ ಪ್ರಕಾಶಮಾನ ನಕ್ಷತ್ರಗಳಷ್ಟೇ ಉಳಿಯುತ್ತವೆ. ಮೊದಲು ತಿರುಗುವಿಕೆ ತಗ್ಗಿಸಿ: ಒಂದು ದಾರದ ಬದಲು ದೂರದೂರ ಕಟ್ಟಿದ ಎರಡು ದಾರ, ಮೇಲೆ ಸ್ವಿವೆಲ್ (ಸ್ವತಂತ್ರವಾಗಿ ತಿರುಗುವ ಕೊಂಡಿ). ಪೆಟ್ಟಿಗೆಯ ತೂಕವನ್ನು ಅಕ್ಷದಿಂದ ದೂರ, ಅಡ್ಡ ಕೋಲಿನ ಎರಡೂ ತುದಿಗೆ ಹಂಚಿದರೆ ಜಡತ್ವ ಹೆಚ್ಚಿ ತಿರುಗುವಿಕೆ ನಿಧಾನವಾಗುತ್ತದೆ. ಒಂದು ಗೈರೊ (ತಿರುಗುವ ವೇಗ ಅಳೆಯುವ ಸೆನ್ಸರ್) ಸೇರಿಸಿ, ವೇಗ ಕಡಿಮೆ ಇರುವ ಕ್ಷಣದಲ್ಲಷ್ಟೇ ಶಟರ್ ಒತ್ತಿಸಿ.