ಮನೆಯವರ ಗುಂಪಿನಲ್ಲಿ ಚಿಕ್ಕಪ್ಪ ಹಾಕಿದ ಚಿತ್ರ

ಚಿಕ್ಕಪ್ಪ: ಮೇಲಿನ ಚಿತ್ರವನ್ನು ಎಲ್ಲರೂ ಓದಿ. ಪಿಎಸ್‌ಸಿ, ಅಂದರೆ ಪಿತ್ತನಾಳಗಳು ಉರಿಯೂತದಿಂದ ಗಟ್ಟಿಯಾಗಿ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಬಿಳಿಯರಿಗೆ ಬರುವಂಥದ್ದೇ ಹೊರತು ನಮ್ಮವರಿಗಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿರುವ ನಮ್ಮ ಹುಡುಗನಿಗೆ ಅದೇ ಇರಬಹುದೆಂಬ ಗಾಬರಿ ಬೇಡ.

ನಾನು: ಚಿಕ್ಕಪ್ಪ, ಅದರಲ್ಲಿ ಅರ್ಧ ಸತ್ಯವಿದೆ ಎಂದು ಮೊದಲೇ ಒಪ್ಪುತ್ತೇನೆ. ಉತ್ತರ ಯುರೋಪಿನ ಮೂಲದವರೇ ಹೆಚ್ಚಾಗಿರುವ ಮಿನ್ನೆಸೋಟದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ 2000ನೇ ಇಸವಿಯಲ್ಲಿ ಒಂದು ಲಕ್ಷ ಗಂಡಸರಲ್ಲಿ 20.9, ಹೆಂಗಸರಲ್ಲಿ 6.3ರಷ್ಟು ರೋಗಿಗಳಿದ್ದರು. ನಾನಾ ಜನಾಂಗದವರು ಬೆರೆತಿರುವ ಉತ್ತರ ಕ್ಯಾಲಿಫೋರ್ನಿಯಾದ ವಿಮಾದಾರರಲ್ಲಿ 2005ರ ಕೊನೆಗೆ ಈ ಪ್ರಮಾಣ ಲಕ್ಷಕ್ಕೆ 4.15 ಮಾತ್ರ. ಆದರೆ ಕಡಿಮೆ ಬರುತ್ತದೆ ಎನ್ನುವುದಕ್ಕೂ ಬರುವುದೇ ಇಲ್ಲ ಎನ್ನುವುದಕ್ಕೂ ಅಜಗಜಾಂತರ.

ಚಿಕ್ಕಪ್ಪ: ವಿಮೆ ಇದ್ದವರಿಗೆ ಆಸ್ಪತ್ರೆಯ ಬಾಗಿಲು ತೆರೆದೇ ಇರುತ್ತದೆ. ಹಾಗಾಗಿ ಕಾಯಿಲೆ ಪತ್ತೆಯಾಗದೆ ಉಳಿದದ್ದರಿಂದಲೇ ಆ ಅಂಕಿ ಕಡಿಮೆ ಎಂದು ಯಾರಾದರೂ ವಾದಿಸಿದರೆ, ಅದು ಅಲ್ಲಿ ನಿಲ್ಲುವುದಿಲ್ಲ.

ನಾನು: ಅದು ಗಟ್ಟಿಯಾದ ಮಾತು. ವ್ಯತ್ಯಾಸ ಪೂರ್ತಿ ಹುಸಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಅಮೆರಿಕದಲ್ಲಿ ಯಕೃತ್ತಿನ ಕಸಿಗೆ ಕಾಯುವವರ ಪಟ್ಟಿಯನ್ನು ನೋಡಿ: ಪಿಎಸ್‌ಸಿ ಇರುವ ಆಫ್ರಿಕನ್ ಅಮೆರಿಕನ್ನರು ಬಿಳಿಯರಿಗಿಂತ ಕಿರಿಯ ವಯಸ್ಸಿನಲ್ಲೇ, ಕಾಯಿಲೆ ಹೆಚ್ಚು ಬಲಿತ ಸ್ಥಿತಿಯಲ್ಲಿ ಆ ಪಟ್ಟಿಗೆ ಸೇರುತ್ತಾರೆ. ಅವರಲ್ಲಿ ದೊಡ್ಡ ಕರುಳಿನ ಉರಿಯೂತ ಜೊತೆಗಿರುವುದು ಕಡಿಮೆ. ವೈದ್ಯರು ಎಷ್ಟೋ ಸಲ ಈ ಕಾಯಿಲೆಯನ್ನು ಕರುಳಿನ ಜಾಡು ಹಿಡಿದೇ ಪತ್ತೆಹಚ್ಚುವುದರಿಂದ, ಕರುಳು ಸರಿಯಿದ್ದವರಲ್ಲಿ ಈ ಕಾಯಿಲೆಯ ಅನುಮಾನ ಬರುವುದೇ ತಡವಾಗಿ. ಇನ್ನೊಂದು ಸಂಗತಿ ನನ್ನನ್ನು ಬಹಳ ಸೆಳೆಯಿತು. ಬಿಳಿಯರಲ್ಲಿ ಎಚ್‌ಎಲ್‌ಎ-ಬಿ8 ಮತ್ತು ಡಿಆರ್3 ಎಂಬ ವಂಶಗುರುತುಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಇಳಿದುಬರುವುದರಿಂದ, ಕಾಯಿಲೆಯ ನಂಟು ಯಾವುದರೊಂದಿಗೆ ಎಂದು ಬಿಡಿಸಿ ಹೇಳುವುದು ಕಷ್ಟ. ಆ ಜೋಡಿ ಅಷ್ಟಾಗಿ ಅಂಟಿಕೊಂಡಿರದ ಆಫ್ರಿಕನ್ ಅಮೆರಿಕನ್ನರಲ್ಲಿ ನಂಟು ಕಂಡುಬಂದದ್ದು ಬಿ8ರೊಂದಿಗೆ. ಬಿಳಿಯರನ್ನಷ್ಟೇ ನೋಡುತ್ತ ಕುಳಿತಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ. ಪಿಬಿಸಿ ಎಂಬ ಇನ್ನೊಂದು ಪಿತ್ತನಾಳದ ಕಾಯಿಲೆಯಂತೂ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳನ್ನೇ ಹೆಚ್ಚು ಕಾಡಿದೆ.

ಅಕ್ಕ: ನನಗೆ ಲಕ್ಷಕ್ಕೆ ಎಷ್ಟು ಎಂಬುದು ಬೇಡ. ಅವನು ರಾತ್ರಿಯೆಲ್ಲ ಅಂಗಾಲು ತುರಿಸಿಕೊಳ್ಳುತ್ತ ಹಾಸಿಗೆಯಲ್ಲಿ ಎದ್ದು ಕೂರುತ್ತಾನೆ, ನಿನ್ನೆ ವಿಡಿಯೊ ಕರೆಯಲ್ಲಿ ಮೊಣಕಾಲಿನ ಕೆಳಗಿನ ಗೀರುಗಳನ್ನು ತೋರಿಸಿದ. ರಕ್ತಪರೀಕ್ಷೆಯಲ್ಲಿ ಎರಡು ಬಾರಿಯೂ ಆಲ್ಕಲೈನ್ ಫಾಸ್ಫಟೇಸ್, ಅಂದರೆ ಪಿತ್ತದ ಹರಿವಿಗೆ ತಡೆಯಾದಾಗ ಏರುವ ಕಿಣ್ವ, ಹೆಚ್ಚಾಗಿಯೇ ಬಂದಿದೆ. ಅಲ್ಟ್ರಾಸೌಂಡಿನಲ್ಲಿ ಪಿತ್ತದ ಕಲ್ಲು ಕಾಣಲಿಲ್ಲವೆಂದು ಅಲ್ಲಿಗೇ ಕೈಬಿಟ್ಟಿದ್ದಾರೆ.

ನಾನು: ಹಾಗಿದ್ದರೆ ಪಿತ್ತನಾಳಗಳನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಮಾಡಿಸಬೇಕೇ ಎಂದು ಅವನು ನೇರವಾಗಿ ಕೇಳಲಿ. ನಾಳಗಳು ಅಲ್ಲಲ್ಲಿ ಕಿರಿದಾಗಿ, ನಡುನಡುವೆ ಹಿಗ್ಗಿ, ಮಣಿ ಪೋಣಿಸಿದಂತೆ ಕಾಣುತ್ತವೆಯೇ ಎಂಬುದು ಆ ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಚಿಕ್ಕಪ್ಪ, ದಯವಿಟ್ಟು ಆ ಚಿತ್ರವನ್ನು ಅಳಿಸಿಬಿಡಿ, ಅವನೂ ಈ ಗುಂಪಿನಲ್ಲಿದ್ದಾನೆ.

ಚಿಕ್ಕಪ್ಪ: ಅಳಿಸಿದ್ದೇನೆ. ಅಂಕಿಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಸ್ಕ್ಯಾನ್ ಆಗಲಿ. ಅವನಿಗೆ ಈಗಲೇ ಫೋನ್ ಮಾಡುತ್ತೇನೆ.