ಪಿಡಿಎಫ್ ಲಿಂಕ್ ಒತ್ತಿದರೆ ತೆರೆಯದೆ ಡೌನ್‌ಲೋಡ್ ಆಗುತ್ತಿದೆ, ನೀವೆಲ್ಲ ಏನು ಮಾಡಿದಿರಿ?

ವಿಜಯಪುರ ದ್ರಾಕ್ಷಿ: ಒಣದ್ರಾಕ್ಷಿ ದರಪಟ್ಟಿಯನ್ನು ನಮ್ಮ ವೆಬ್‌ಸೈಟಿಗೆ ಹಾಕಿದ್ದೇವೆ. ಒತ್ತಿದರೆ ಕ್ರೋಮ್‌ನಲ್ಲಿ ತೆರೆಯುವುದಿಲ್ಲ, ಸೀದಾ ಡೌನ್‌ಲೋಡ್. ಅನುಭವ ಇದ್ದವರು ಹೇಳ್ರಿ.

ಇಳಕಲ್ ಸೀರೆ ಅಂಗಡಿ: ಇದೇ ಗೋಳಿಗೆ ನಾನು ದುಡ್ಡು ಸುರಿದಿದ್ದೇನೆ. ಸೈಟ್ ಮಾಡಿಕೊಟ್ಟವನು 6,500 ತಗೊಂಡು ಕ್ಯಾಟಲಾಗ್‌ಗಳನ್ನೆಲ್ಲ ಯಾವುದೋ ಕ್ಲೌಡ್‌ಗೆ ಎಸೆದು ಹೋದ. ಅಲ್ಲಿ ಎಲ್ಲ ಫೈಲಿಗೂ ಕಂಟೆಂಟ್-ಟೈಪ್ (ಫೈಲ್ ಯಾವ ಬಗೆಯದು ಅಂತ ಸರ್ವರ್ ಬ್ರೌಸರಿಗೆ ಹೇಳುವ ಸಾಲು) ಆಕ್ಟೆಟ್-ಸ್ಟ್ರೀಮ್ ಅಂತ ಇತ್ತು. ಒಳಗೆ ಏನಿದೆಯೋ ಗೊತ್ತಿಲ್ಲ ಅಂತ ಸರ್ವರೇ ಕೈ ಎತ್ತಿದರೆ ಬ್ರೌಸರ್ ಏನು ಮಾಡೀತು, ಇಳಿಸಿಕೊಂಡಿತು. ಒಂದೊಂದು ಕ್ಯಾಟಲಾಗ್ 40 ಎಂಬಿ. ಫೋನ್ ತುಂಬಿತು ಅಂತ ಗಿರಾಕಿಗಳ ಬೈಗುಳ ಬೇರೆ. ಸರಿಮಾಡಪ್ಪಾ ಅಂದರೆ ಮತ್ತೆ 1,500 ಕೇಳಿದ! ಕೊನೆಗೆ ನಮ್ಮ ಅಳಿಯನೇ ಕೂತು ಟೈಪನ್ನು ಅಪ್ಲಿಕೇಶನ್/ಪಿಡಿಎಫ್ ಮಾಡಿದ.

ಟಿಳಕವಾಡಿ ಡೆವಲಪರ್: ಟೈಪ್ ಒಂದೇ ಅಲ್ಲ ಸರ್. ಫೈಲ್ ತೆರೆಯಬೇಕೋ ಇಳಿಸಬೇಕೋ ಅಂತ ಸರ್ವರ್ ಹೇಳುವ ಕಂಟೆಂಟ್-ಡಿಸ್ಪೊಸಿಷನ್ ಹೆಡರ್‌ನಲ್ಲಿ ಅಟ್ಯಾಚ್‌ಮೆಂಟ್ ಅಂತ ಇದ್ದರೆ ಟೈಪ್ ಎಷ್ಟೇ ಸರಿ ಇರಲಿ, ಡೌನ್‌ಲೋಡೇ. ನಾನು ಬೇಕಂತಲೇ ಹಾಗೆ ಇಟ್ಟಿದ್ದೇನೆ. ಜನ ಅಪ್‌ಲೋಡ್ ಮಾಡುವ ಎಸ್‌ವಿಜಿ ಚಿತ್ರದೊಳಗೆ ಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಕೋಡ್) ಇರಬಹುದು, ಅದು ನಮ್ಮ ಡೊಮೇನಿನಲ್ಲೇ ತೆರೆದರೆ ಲಾಗಿನ್ ಕಳ್ಳರ ಪಾಲು. ಜೊತೆಗೆ ನೋಸ್ನಿಫ್ ಹಾಕಿ, ಬ್ರೌಸರ್ ತಾನೇ ಟೈಪ್ ಊಹಿಸುವುದು ನಿಲ್ಲುತ್ತದೆ.

ಇಳಕಲ್ ಸೀರೆ ಅಂಗಡಿ: ಅವರು ಕೇಳಿದ್ದು ದರಪಟ್ಟಿ ರೀ. ಎಸ್‌ವಿಜಿ ಯಾರಿಗೆ ಬೇಕು?

ನವನಗರ ಲೈಬ್ರರಿ: ನಮ್ಮದು ಉಲ್ಟಾ ಕಷ್ಟ. ಹಳೆ ಪ್ರಶ್ನೆಪತ್ರಿಕೆ ಇಳಿಯಲಿ ಅಂತ ಲಿಂಕಿನ ಕೋಡ್‌ನಲ್ಲೇ ಡೌನ್‌ಲೋಡ್ ಅನ್ನೋ ಸೂಚನೆ (ಆಟ್ರಿಬ್ಯೂಟ್) ಕೊಟ್ಟೆವು, ತೆರೆದುಕೊಂಡು ಕೂತಿತು. ಫೈಲ್ ಬೇರೆ ಡೊಮೇನಿನಲ್ಲಿದ್ದರೆ ಕ್ರೋಮ್ 2018ರಿಂದ, 65ನೇ ಆವೃತ್ತಿಯಿಂದ, ಅದನ್ನು ಲೆಕ್ಕಕ್ಕೇ ಇಡುವುದಿಲ್ಲವಂತೆ. ಅಟ್ಯಾಚ್‌ಮೆಂಟ್ ಹಾಕಿದ ಮೇಲೆ ಇಳಿಯಿತು, ಆದರೆ ಕನ್ನಡದ ಫೈಲ್ ಹೆಸರು ಹೋಗಿ ಬರೀ ಶೇಕಡಾ ಚಿಹ್ನೆ, ಅಂಕಿ. ಅದೇ ಹೆಡರ್‌ನಲ್ಲಿ ಫೈಲ್‌ನೇಮ್ ಪಕ್ಕ ನಕ್ಷತ್ರ ಹಾಕಿ ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಬರೆಯಬಲ್ಲ ಸಂಕೇತ ಪದ್ಧತಿ) ಅಂತ ಬರೆದಾಗ ಸರಿಯಾಯಿತು.

ಟಿಳಕವಾಡಿ ಡೆವಲಪರ್: ಸುಮ್ನೆ ಇಂಗ್ಲಿಷ್ ಹೆಸರು ಇಡಬೇಕಿತ್ತು.

ನವನಗರ ಲೈಬ್ರರಿ: ಯಾಕೆ ಇಡಬೇಕು? ಈ ಹೆಡರ್ ಬಗ್ಗೆ ಇರುವ 2011ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 6266ರಲ್ಲೇ ಇದಕ್ಕೆ ದಾರಿ ಇದೆ. ಓದದೆ ಡೆವಲಪರ್ ಆದವರಿಗೆ ಏನು ಹೇಳೋಣ.

ಟಿಳಕವಾಡಿ ಡೆವಲಪರ್: ಮೇಡಂ, ಆರ್‌ಎಫ್‌ಸಿ ನನಗೆ ಕಲಿಸಬೇಡಿ. ಹಳೆ ಸಾಫ್ಟ್‌ವೇರ್ ಇಟ್ಟುಕೊಂಡ ಗ್ರಾಹಕರ ಫೋನ್ ಬರುವುದು ನನಗೆ, ನಿಮಗಲ್ಲ.

ಇಳಕಲ್ ಸೀರೆ ಅಂಗಡಿ: ನನ್ನ 1,500 ಕೇಳಿದವನೂ ಹೀಗೇ ಮಾತಾಡುತ್ತಿದ್ದ.

ವಿಜಯಪುರ ದ್ರಾಕ್ಷಿ: ಟೈಪ್ ಸರಿಯೇ ಇದೆ, ಅಟ್ಯಾಚ್‌ಮೆಂಟೂ ಇಲ್ಲ. ಇನ್ನೇನು ನೋಡಲಿ?

ನವನಗರ ಲೈಬ್ರರಿ: ಕ್ರೋಮ್ ಸೆಟ್ಟಿಂಗಿನಲ್ಲಿ ಪಿಡಿಎಫ್ ಡೌನ್‌ಲೋಡ್ ಮಾಡು ಅಂತ ಆಯ್ಕೆ ಆಗಿದೆಯಾ ನೋಡಿ. ಆಗಿದ್ದರೆ ಸರ್ವರ್ ಏನೇ ಹೇಳಲಿ, ನಿಮ್ಮ ಕಂಪ್ಯೂಟರ್ ಕೇಳುವುದಿಲ್ಲ.