ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸಿದ 1968ರ ಕಾನೂನು ಬಂದ ಮೇಲೂ ಅಮೆರಿಕದ ಕಪ್ಪು ಜನರ ಮನೆ, ಆಸ್ತಿ ಇಷ್ಟು ಹಿಂದೆ ಉಳಿದಿರುವುದೇಕೆ?

ಪ್ರಶ್ನೆ: ಕೆರೆದಂಡೆ (ಮಿನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಮಿನಿಯಾಪೊಲಿಸ್ ನಗರದ ದಕ್ಷಿಣ ಭಾಗದಲ್ಲಿ ನಾವೊಂದು ಹಳೆಯ ಮನೆ ಕೊಂಡೆವು. 1941ರಲ್ಲಿ ಕಟ್ಟಿದ ಚಿಕ್ಕ ಮನೆ, ಮುಂದೊಂದು ಮೇಪಲ್ ಮರ. ಕ್ರಯಪತ್ರದ ಜೊತೆ ಬಂದ ಹಳೆಯ ಕಾಗದಗಳನ್ನು ಒಂದು ಭಾನುವಾರ ಬಿಡುವಾಗಿ ಓದುತ್ತ ಕುಳಿತಿದ್ದೆ. ಬೇಲಿ ಎಷ್ಟು ಎತ್ತರವಿರಬೇಕು, ಮನೆ ರಸ್ತೆಯಿಂದ ಎಷ್ಟು ಅಡಿ ಒಳಗಿರಬೇಕು ಎಂಬ ಷರತ್ತುಗಳ ನಡುವೆ, ಅದೇ ತಣ್ಣನೆಯ ಧಾಟಿಯಲ್ಲಿ, ಈ ನಿವೇಶನವನ್ನು ಬಿಳಿಯರಲ್ಲದ ಯಾರಿಗೂ ಮಾರಕೂಡದು, ಬಾಡಿಗೆಗೂ ಕೊಡಕೂಡದು, ಮನೆಗೆಲಸದವರ ಹೊರತು ಅಂಥವರು ಇಲ್ಲಿ ವಾಸಿಸಕೂಡದು ಎಂಬ ಸಾಲು ಕಣ್ಣಿಗೆ ಬಿತ್ತು. ಆ ಸಾಲನ್ನು ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಡಿಕೊಂಡು ಓದುತ್ತಿದ್ದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಊರಿನಿಂದ ಬಂದಿದ್ದ ನಮ್ಮ ಮಾವನವರಿಗೆ ತೋರಿಸಿದೆ. "ಈಗ ನೀವೇ ಕೊಂಡಿದ್ದೀರಲ್ಲ, ಮತ್ತಿನ್ನೇನು?" ಎಂದರು. ಮುಂದಿನ ವಾರ ಸ್ನೇಹಿತರ ಮನೆಯ ಊಟದಲ್ಲಿ ಇದೇ ಮಾತು ಬಂದು, ವಾದ ಜೋರಾಯಿತು. ಇಂಥ ಷರತ್ತುಗಳ ಕಾನೂನು ಬಲ ಹೋಗಿ ಐವತ್ತು ವರ್ಷಗಳ ಮೇಲಾಯಿತು, ನಾವು ಎರಡು ಸೂಟ್‌ಕೇಸ್ ಹಿಡಿದು ಬಂದವರು ಮನೆ ಮಾಡಿಕೊಂಡಿಲ್ಲವೇ, ಅವರಿಗೇಕೆ ಆಗುತ್ತಿಲ್ಲ ಎಂಬುದು ಹೆಚ್ಚಿನವರ ನಿಲುವು. ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಸತ್ತುಹೋದ ಕಾನೂನೊಂದು ಇಂದಿನ ಅಸಮಾನತೆಯನ್ನು ಹೇಗೆ ಉಂಟುಮಾಡಬಲ್ಲದು? ವ್ಯವಸ್ಥೆ ಹೇಗೆ ಕೆಲಸ ಮಾಡಿತು ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಕಡತವಾಸಿ

ಕೆರೆದಂಡೆಯವರೇ, ನಾನು ಬ್ಯಾಂಕಿನಲ್ಲಿ ಬಹಳ ವರ್ಷ ಗೃಹಸಾಲದ ಕಡತಗಳ ನಡುವೆಯೇ ಇದ್ದು ನಿವೃತ್ತನಾದವನು. ಆದ್ದರಿಂದ ಸಾಲದ ಕಡೆಯಿಂದಲೇ ಹೇಳುತ್ತೇನೆ. ಮಧ್ಯಮ ವರ್ಗದವನ ಆಸ್ತಿ ಎಂದರೆ ಬಹುಪಾಲು ಅವನ ಮನೆ. ಮನೆ ಎಂದರೆ ಸಾಲ. ಸಾಲ ಎಂದರೆ, ಯಾರಿಗೆ ಕೊಡಬಹುದು ಎಂದು ಯಾರೋ ಮೊದಲೇ ತೀರ್ಮಾನಿಸಿಟ್ಟ ನಿಯಮ.

1930ರ ದಶಕದ ಆರ್ಥಿಕ ಕುಸಿತದ ಮೊದಲು ಅಮೆರಿಕದಲ್ಲೂ ಗೃಹಸಾಲ ಸಾಮಾನ್ಯರಿಗೆ ಎಟುಕುವಂಥದ್ದಾಗಿರಲಿಲ್ಲ. ಕೈಯಿಂದ ದೊಡ್ಡ ಮೊತ್ತ ಹಾಕಬೇಕಿತ್ತು, ಕೆಲವೇ ವರ್ಷಗಳಲ್ಲಿ ತೀರಿಸಬೇಕಿತ್ತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ತಾನೇ ಸಾಲ ಕೊಡಲಿಲ್ಲ. ಬ್ಯಾಂಕುಗಳು ಕೊಟ್ಟ ಸಾಲಕ್ಕೆ ಸರ್ಕಾರದ ವಿಮೆ ಒದಗಿಸಿತು. ಮುಳುಗಿದರೆ ಸರ್ಕಾರವಿದೆ ಎಂದಾದ ಮೇಲೆ ಬ್ಯಾಂಕುಗಳು ಕಡಿಮೆ ಮುಂಗಡಕ್ಕೆ, ದೀರ್ಘ ಅವಧಿಗೆ, ಕಡಿಮೆ ಬಡ್ಡಿಗೆ ಸಾಲ ಕೊಡತೊಡಗಿದವು. ಆದರೆ ಆ ಸಂಸ್ಥೆಯ ಕೈಪಿಡಿಯಲ್ಲಿ, ಬಡಾವಣೆಯೊಂದರಲ್ಲಿ ಬೇರೆ ಬೇರೆ ಜನಾಂಗದವರು ಬೆರೆತರೆ ಮನೆಗಳ ಬೆಲೆ ಇಳಿಯುತ್ತದೆ ಎಂಬುದನ್ನು ತಾಂತ್ರಿಕ ಸತ್ಯವೆಂಬಂತೆ ಬರೆದಿಟ್ಟಿದ್ದರು. ನಿಮ್ಮ ಕ್ರಯಪತ್ರದಲ್ಲಿರುವಂಥ ಷರತ್ತನ್ನು 1938ರ ಕೈಪಿಡಿ ಶಿಫಾರಸು ಮಾಡಿತ್ತು. ಅಂದರೆ ಆ ಸಾಲು ಯಾರೋ ಒಬ್ಬ ದುಷ್ಟ ಮಾಲೀಕನ ಹಟವಲ್ಲ, ಸಾಲದ ವಿಮೆ ಸುಲಭವಾಗಿ ಸಿಗಲೆಂದು ಬಿಲ್ಡರುಗಳು ಸೇರಿಸುತ್ತಿದ್ದ ಸಾಲು. ನನಗೆ ಭಯ ಹುಟ್ಟಿಸುವುದು ಇದೇ. ಕಡತ ನೋಡಿದ ಗುಮಾಸ್ತನಿಗೆ ಯಾರ ಮೇಲೂ ದ್ವೇಷವಿರಬೇಕಾದ ಅಗತ್ಯವೇ ಇರಲಿಲ್ಲ, ಅವನು ನಿಯಮ ಪಾಲಿಸಿದರೆ ಸಾಕಿತ್ತು.

ಕೆಂಪುಗೆರೆಯ ನಕ್ಷೆಗಳ ಬಗ್ಗೆ ನೀವು ಕೇಳಿರಬಹುದು. 1933ರಲ್ಲಿ ಸ್ಥಾಪನೆಯಾದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆಗಳಲ್ಲಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿತು; ಹಸಿರು ಎಂದರೆ ಸಾಲ ಕೊಡಲು ಅತ್ಯಂತ ಸುರಕ್ಷಿತ, ಕೆಂಪು ಎಂದರೆ ಅಪಾಯಕರ. ಕಪ್ಪು ಜನರಿದ್ದ ಪ್ರದೇಶಗಳಿಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಕೆಂಪೇ ಬಿತ್ತು. ಇಲ್ಲೊಂದು ಎಚ್ಚರಿಕೆ ಬೇಕು. ಕೆಂಪು ಬಿದ್ದ ಪ್ರದೇಶಗಳಲ್ಲಿ ಬಡ ಬಿಳಿಯರೂ ದೊಡ್ಡ ಸಂಖ್ಯೆಯಲ್ಲಿದ್ದರು, ಮತ್ತು ಆ ನಕ್ಷೆಗಳಿಂದಲೇ ಎಷ್ಟು ಹಾನಿಯಾಯಿತು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ನನ್ನ ದೃಷ್ಟಿಯಲ್ಲಿ ನಕ್ಷೆಗಿಂತ ವಿಮೆಯ ನಿಯಮವೇ ದೊಡ್ಡ ಪೆಟ್ಟು.

ಯುದ್ಧ ಮುಗಿಸಿ ಬಂದ ಸೈನಿಕರಿಗೆ 1944ರ ಕಾನೂನಿನಂತೆ ಮನೆಸಾಲಕ್ಕೆ ಸರ್ಕಾರದ ಖಾತರಿ ಸಿಕ್ಕಿತು. ಕಾಗದದ ಮೇಲೆ ಎಲ್ಲರಿಗೂ. ಆದರೆ ಸಾಲ ಕೊಡಬೇಕಾದವರು ಸ್ಥಳೀಯ ಬ್ಯಾಂಕಿನವರು. 1947ರಲ್ಲಿ ಮಿಸಿಸಿಪ್ಪಿಯ 13 ನಗರಗಳಲ್ಲಿ ಆ ಖಾತರಿಯ ಮೇಲೆ ಮನೆ, ವ್ಯಾಪಾರ, ಜಮೀನುಗಳಿಗೆ ಕೊಟ್ಟ 3,229 ಸಾಲಗಳಲ್ಲಿ ಕಪ್ಪು ಜನರಿಗೆ ದಕ್ಕಿದ್ದು 2. ಎರಡು ನೂರಲ್ಲ, ಎರಡು.

1948ರಲ್ಲಿ ಸುಪ್ರೀಂ ಕೋರ್ಟು, ಸೇಂಟ್ ಲೂಯಿಸ್‌ನ ಶೆಲ್ಲಿ ಪ್ರಕರಣದಲ್ಲಿ, ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದಿತು. ನಿಮ್ಮ ಮಿನ್ನೆಸೋಟ ಹೊಸ ಷರತ್ತುಗಳನ್ನು ನಿಷೇಧಿಸಿದ್ದು 1953ರಲ್ಲಿ. ವಸತಿಯಲ್ಲಿ ತಾರತಮ್ಯ ಕೂಡದೆಂಬ ರಾಷ್ಟ್ರೀಯ ಕಾನೂನಿಗೆ ಸಹಿ ಬಿದ್ದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ. ಅಷ್ಟು ಹೊತ್ತಿಗೆ ಒಂದು ಇಡೀ ಪೀಳಿಗೆ ಅಗ್ಗದ ಬೆಲೆಗೆ ಉಪನಗರಗಳಲ್ಲಿ ಮನೆ ಕೊಂಡು, ಅದರ ಬೆಲೆ ಏರುವುದನ್ನು ನೋಡುತ್ತ ಕುಳಿತಿತ್ತು. ಕಾನೂನು ಬಾಗಿಲು ತೆರೆಯಿತು ನಿಜ, ಆದರೆ ಒಳಗಿನ ಬೆಲೆ 1941ರದ್ದಾಗಿ ಉಳಿದಿರಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಂತೆ ಬಿಳಿಯ ಕುಟುಂಬಗಳ ಸಂಪತ್ತಿನ ಮಧ್ಯಾಂಕ (ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಸಂಪತ್ತು) 2,85,000 ಡಾಲರ್, ಕಪ್ಪು ಕುಟುಂಬಗಳದ್ದು 44,900. ಸಂಬಳದ ಅಂತರ ಇಷ್ಟು ದೊಡ್ಡದಿಲ್ಲ. ಸಂಪತ್ತಿನ ಅಂತರ ಇಷ್ಟಾಗಲು ಪಿತ್ರಾರ್ಜಿತವೂ ಒಂದು ದೊಡ್ಡ ಕಾರಣ.

ಉತ್ತರ: ಶರಾವತಿ ತೀರ

ಕಡತವಾಸಿಯವರು ಹೇಳಿದ ಇತಿಹಾಸವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲವನ್ನೂ 1934ರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನೈಜೀರಿಯದಿಂದ ಬಂದವರ ಬಣ್ಣವೂ ಅದೇ; ಅವರಲ್ಲಿ ಪದವೀಧರರ ಪ್ರಮಾಣ ಅಮೆರಿಕದ ಸರಾಸರಿಗಿಂತ ಬಹಳ ಮೇಲಿದೆ. ನಾವೂ ಬಿಳಿಯರಲ್ಲ. ವ್ಯವಸ್ಥೆ ಬಣ್ಣ ನೋಡಿ ತಡೆಯುತ್ತದೆ ಎಂದಾದರೆ ಇವರನ್ನೆಲ್ಲ ಏಕೆ ತಡೆಯಲಿಲ್ಲ? ತಂದೆ ತಾಯಿ ಇಬ್ಬರೂ ಜೊತೆಗಿರುವ ಮನೆ, ಮಕ್ಕಳ ಓದಿನ ಮೇಲಿನ ಕಣ್ಣು, ಬೀದಿಯಲ್ಲಿ ಸುರಕ್ಷತೆ, ಇವುಗಳ ಮಾತೆತ್ತಿದರೆ ಸಾಕು, ಸಂತ್ರಸ್ತರನ್ನೇ ದೂರುತ್ತೀರಿ ಎಂದು ಬಾಯಿ ಮುಚ್ಚಿಸುತ್ತಾರೆ. ಇದು ಚರ್ಚೆಯ ರೀತಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ: ತುಂಬೆಹೂ (ಮಿಷಿಗನ್)

ಶರಾವತಿ ತೀರ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಯಾರೂ ತಡೆಯಬಾರದು. ಆದರೆ ನೈಜೀರಿಯದವರೂ ನಾವೂ ಜರಡಿ ಹಿಡಿದ ಮೇಲೆ ಉಳಿದ ಕಾಳು. 1965ರ ವಲಸೆ ಕಾನೂನು ನಮಗೆ ಬಾಗಿಲು ತೆರೆದಾಗ ಒಳಗೆ ಬಂದವರಲ್ಲಿ ಡಾಕ್ಟರುಗಳು, ಇಂಜಿನಿಯರುಗಳು, ಅವರ ಬಂಧುಗಳೇ ಹೆಚ್ಚು. ನಾನು ಓದಿದ್ದು ಸರ್ಕಾರಿ ಕಾಲೇಜಿನಲ್ಲಿ, ಅಂದಿನ ಅಗ್ಗದ ಫೀಸಿನಲ್ಲಿ. ನನ್ನ ಎರಡು ಸೂಟ್‌ಕೇಸ್‌ಗಳಲ್ಲಿ ಒಂದರಲ್ಲಿ ಹಪ್ಪಳ, ಚಟ್ನಿಪುಡಿ ಇದ್ದವು. ಇನ್ನೊಂದರಲ್ಲಿ ಕರ್ನಾಟಕದ ತೆರಿಗೆದಾರರು ಕೊಡಿಸಿದ ಪದವಿ ಇತ್ತು. ಇಡೀ ಜನಸಮುದಾಯವೊಂದನ್ನು ಹೀಗೆ ಆಯ್ದು ತಂದ ಕೆಲವರ ಜೊತೆ ತೂಗುವುದು ಸರಿಯಾದ ತಕ್ಕಡಿಯಲ್ಲ. ಮತ್ತೊಂದು ಮಾತು: ಆ 1965ರ ಕಾನೂನು ಬಂದದ್ದೇ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಎಬ್ಬಿಸಿದ ಅಲೆಯ ಮೇಲೆ.

ಕುಟುಂಬದ ಮಾತನ್ನು ಆಡಬಾರದೆಂದು ನಾನು ಹೇಳುವುದಿಲ್ಲ, ಆದರೆ ಅದನ್ನೊಂದೇ ಆಡಿದರೆ ಲೆಕ್ಕ ಕೂಡುವುದಿಲ್ಲ. ಮರಿಯಾನ್ ಬರ್ಟ್ರಾಂಡ್ ಮತ್ತು ತಮಿಳು ಮೂಲದ ಸೆಂಧಿಲ್ ಮುಲ್ಲೈನಾಥನ್ ಬಾಸ್ಟನ್, ಷಿಕಾಗೊ ನಗರಗಳ ಉದ್ಯೋಗದಾತರಿಗೆ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯರದೆಂದು ತೋರುವ ಹೆಸರುಗಳಿಗೆ ಶೇ. 50ರಷ್ಟು ಹೆಚ್ಚು ಕರೆಗಳು ಬಂದವು. ಕಾಗದದ ಮೇಲಿನ ಹೆಸರಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ.

ಡೆಟ್ರಾಯಿಟ್‌ನಲ್ಲಿ ಎಂಟನೇ ಮೈಲಿ ರಸ್ತೆಯ ದಕ್ಷಿಣಕ್ಕೆ ಒಂದು ಗೋಡೆಯಿದೆ. ಆರು ಅಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ. ನಮ್ಮೂರಿನ ಶಾಲೆಯ ಕಾಂಪೌಂಡಿನಷ್ಟೇ ಸಾಧಾರಣ. ಒಂದು ಮಗ್ಗುಲಲ್ಲಿ ಮೊದಲಿನಿಂದಲೂ ಕಪ್ಪು ಜನರು ನೆಲೆಸಿದ್ದರು. ಪಕ್ಕದಲ್ಲಿ ಬಿಳಿಯರಿಗಾಗಿ ಬಡಾವಣೆ ಮಾಡಹೊರಟ ಬಿಲ್ಡರನಿಗೆ, ಅವರು ಇಷ್ಟು ಹತ್ತಿರ ಇರುವ ಕಾರಣಕ್ಕೆ ಫೆಡರಲ್ ವಿಮೆ ಸಿಗಲಿಲ್ಲ. 1941ರಲ್ಲಿ ಅವನು ಗೋಡೆ ಎಬ್ಬಿಸಿದ, ಸಾಲ ಮಂಜೂರಾಯಿತು. ಕೆರೆದಂಡೆಯವರ ಮನೆಗೂ ಅದೇ ವಯಸ್ಸು, ನೋಡಿ. ನಾನು ಹೋದಾಗ ಆಟದ ಮೈದಾನದ ಉದ್ದಕ್ಕೆ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರಗಳಿದ್ದವು. ಅದರಾಚೆ ಮನೆಗಳ ಹಿತ್ತಿಲಲ್ಲಿ ಅದು ಬೋಳು ಸಿಮೆಂಟಾಗಿಯೇ ಮುಂದುವರಿದಿತ್ತು, ಯಾರೋ ಅದಕ್ಕೆ ಒರಗಿಸಿ ಏಣಿ ಇಟ್ಟಿದ್ದರು. ಈಗ ಎರಡೂ ಕಡೆ ಇರುವವರು ಬಹುತೇಕ ಕಪ್ಪು ಜನರೇ. ಬಿಳಿಯರು ಎಂಟನೇ ಮೈಲಿ ದಾಟಿ ಉತ್ತರದ ಉಪನಗರಗಳಿಗೆ ಹೋದರು.

ಅಲ್ಲಿಗೆ ನಾವೂ ಹೋದೆವು. 1974ರಲ್ಲಿ ಸುಪ್ರೀಂ ಕೋರ್ಟು ಮಿಲಿಕೆನ್ ಪ್ರಕರಣದಲ್ಲಿ 5-4ರ ಬಹುಮತದಿಂದ, ಡೆಟ್ರಾಯಿಟ್‌ನ ಶಾಲೆಗಳ ಪ್ರತ್ಯೇಕತೆಯನ್ನು ಸರಿಪಡಿಸಲು ಉಪನಗರಗಳ ಶಾಲೆಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದಿತು. ಹಾಗಾಗಿ ಶಾಲಾ ಜಿಲ್ಲೆಯ ಗಡಿಯೇ ಗೋಡೆಯಾಯಿತು. ಮಿಷಿಗನ್ 1994ರಲ್ಲಿ ಶಾಲೆಗಳ ನಿತ್ಯದ ಖರ್ಚನ್ನು ರಾಜ್ಯದ ತೆರಿಗೆಗೆ ವರ್ಗಾಯಿಸಿತು, ಅದನ್ನು ಮೆಚ್ಚಲೇಬೇಕು. ಆದರೆ ಕಟ್ಟಡಗಳ ವೆಚ್ಚ ಬಹುಪಾಲು ಸ್ಥಳೀಯ ಆಸ್ತಿ ತೆರಿಗೆಯ ಮೇಲೆಯೇ ನಿಂತಿದೆ. ಮನೆ ಹುಡುಕುವಾಗ ನಾವು ಕನ್ನಡದವರು ಒಬ್ಬರನ್ನೊಬ್ಬರು ಮೊದಲು ಕೇಳುವುದೇ ಶಾಲೆಯ ರೇಟಿಂಗ್ ಎಷ್ಟು ಎಂದು. ನಾನೂ ಕೇಳಿದೆ, ಹತ್ತಕ್ಕೆ ಒಂಬತ್ತಿದ್ದ ಕಡೆ ಮನೆ ಕೊಂಡೆ. ಅದರಲ್ಲಿ ತಪ್ಪೇನಿದೆ ಎಂದರೆ, ತಾಯಿಯಾಗಿ ಏನೂ ಇಲ್ಲ. ಆದರೆ ಆ ಒಂಬತ್ತು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಇನ್ನು ಹೇಳಲಾರೆ.

ಉತ್ತರ: ಕಡತವಾಸಿ

ತುಂಬೆಹೂ ಮೇಡಂ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ದುಡಿದವರು, ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತಾಗ, ತಾನು ಮೇಲ್ಜಾತಿಯ ಆರ್ಯ ವಂಶದವನು, ಆದ್ದರಿಂದ ಬಿಳಿಯರ ಲೆಕ್ಕಕ್ಕೇ ಸೇರಬೇಕು ಎಂದು ವಾದಿಸಿದರು. ಗೋಡೆ ಏಕಿದೆ ಎಂದು ಕೇಳಲಿಲ್ಲ, ತನ್ನನ್ನು ಆ ಮಗ್ಗುಲಿಗೆ ಸೇರಿಸಿ ಎಂದರು. ಕೋರ್ಟು ಒಪ್ಪಲಿಲ್ಲ. ಆ ತೀರ್ಪಿನ ಬೆನ್ನಿಗೆ ಮೊದಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು.

ಪ್ರಶ್ನೆ ಕೇಳಿದವರು: ಕೆರೆದಂಡೆ

ಎಲ್ಲರಿಗೂ ಧನ್ಯವಾದಗಳು. ಶರಾವತಿ ತೀರ ಅವರ ಪ್ರಶ್ನೆಯೇ ನಮ್ಮ ಮಾವನವರದ್ದೂ ಆಗಿದ್ದರಿಂದ, ಉತ್ತರಗಳನ್ನು ಅವರಿಗೆ ಓದಿ ಹೇಳಿದೆ. ಮರುದಿನ ಅವರನ್ನು ಪಕ್ಕದ ಸೇಂಟ್ ಪಾಲ್‌ಗೆ, ಒಂದು ಕಾಲದ ರಾಂಡೊ ಬಡಾವಣೆ ಇದ್ದ ಜಾಗಕ್ಕೆ ಕರೆದುಕೊಂಡು ಹೋದೆ. ಷರತ್ತುಗಳಿಲ್ಲದ ಆ ಚೂರು ಜಾಗದಲ್ಲಿ ಕಪ್ಪು ಕುಟುಂಬಗಳು ಮನೆ, ಅಂಗಡಿ, ಚರ್ಚು ಕಟ್ಟಿಕೊಂಡಿದ್ದವು. 1950, 60ರ ದಶಕಗಳಲ್ಲಿ 94ನೇ ಅಂತರರಾಜ್ಯ ಹೆದ್ದಾರಿಯನ್ನು ಅದರ ನಟ್ಟನಡುವೆ ಹಾಯಿಸಿದರು. ಮಾವನವರು ಸೇತುವೆಯ ಮೇಲೆ ನಿಂತು ಕೆಳಗೆ ಹರಿಯುವ ಕಾರುಗಳನ್ನು ನೋಡಿ, "ಪರಿಹಾರ ಎಷ್ಟು ಕೊಟ್ಟರಂತೆ?" ಎಂದು ಕೇಳಿದರು. ಅವರ ಜಮೀನೂ ಒಮ್ಮೆ ರಸ್ತೆಗೆ ಹೋಗಿತ್ತು.

ಮಿನ್ನೆಸೋಟದ 2019ರ ಕಾನೂನಿನಂತೆ, ಹಳೆಯ ಷರತ್ತು ನನಗೆ ಸಮ್ಮತವಲ್ಲವೆಂದು ಘೋಷಿಸುವ ಅರ್ಜಿಯನ್ನು ನೋಟರಿಯ ಮುಂದೆ ಸಹಿ ಮಾಡಿ ಕೌಂಟಿ ಕಚೇರಿಗೆ ಕೊಟ್ಟೆ. ಹಳೆಯ ಸಾಲನ್ನು ಅಳಿಸುವುದಿಲ್ಲ. ದಾಖಲೆಯಲ್ಲಿ ಅದು ಇದ್ದ ಹಾಗೆಯೇ ಇರುತ್ತದೆ, ಅದರ ಜೊತೆಗೆ ನನ್ನ ಹಾಳೆಯೂ ಸೇರುತ್ತದೆ.